ನಾಲ್ಕು ವರ್ಷದ ರೂಮು, ಹದಿನೈದು ವರ್ಷದ ಬೆಕ್ಕು

ಸೆಪ್ಟೆಂಬರ್ ಬಂತೆಂದರೆ ಮಣಿಪಾಲದ ಹುಡುಗ ಹುಡುಗಿಯರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಬೆಕ್ಕಿನ ಮರಿಗಳು ಕಾಣಿಸಲು ಶುರುವಾಗುತ್ತವೆ. ಶೂ ಒಳಗೆ ಕೂತ ಬೆಕ್ಕು, ಲ್ಯಾಪ್‌ಟಾಪ್ ಕೀಬೋರ್ಡ್ ಮೇಲೆ ಮಲಗಿದ ಬೆಕ್ಕು, ಪಂಜರದಲ್ಲಿ ಒಂದಕ್ಕೊಂದು ಅಂಟಿ ಕೂತ ಹಸಿರು, ನೀಲಿ ಲವ್ ಬರ್ಡ್ಸ್. ಮೇ ತಿಂಗಳು ಬಂತೆಂದರೆ ಅದೇ ಫೋಟೋಗಳು ಬೇರೆ ಗ್ರೂಪುಗಳಲ್ಲಿ, ಬೇರೆ ಬರಹದ ಜೊತೆ ಬರುತ್ತವೆ: ‘ಅರ್ಜೆಂಟ್. ಅಡಾಪ್ಶನ್‌ಗೆ ಉಂಟು. ತುಂಬಾ ಪಾಪದ ಬೆಕ್ಕು. ನಾಡಿದ್ದು ನನ್ನ ಟ್ರೈನ್.’

ಈ ಲೇಖನ ಆ ಎರಡು ಮೆಸೇಜುಗಳ ನಡುವಿನ ಎಂಟು ತಿಂಗಳ ಬಗ್ಗೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಮತ್ತೆ ಬೇಕಾದರೆ ಜಗಳ ಮಾಡಿ. ಬಾಡಿಗೆ ರೂಮಿನಲ್ಲಿ ಇರುವ ವಿದ್ಯಾರ್ಥಿಗಳು ಹಕ್ಕಿಯನ್ನಾಗಲಿ ಬೆಕ್ಕನ್ನಾಗಲಿ ದುಡ್ಡು ಕೊಟ್ಟು ತರಬಾರದು. ಈಗಾಗಲೇ ತಂದಾಗಿದ್ದರೆ ಸರಿಯಾಗಿ ಸಾಕಲು ಕಲಿಯಬೇಕು. ಅದಕ್ಕೆ ಉಡುಪಿ, ಕಾಪು, ಕಾರ್ಕಳ ಕಡೆಯ ನಾವು, ಅಂದರೆ ಇಲ್ಲೇ ಮನೆ ಇರುವವರು, ಸಹಾಯ ಮಾಡಬೇಕು. ‘ಪ್ರಾಣಿಗಳ ಮೇಲೆ ಪ್ರೀತಿ ಇರಲಿ’ ಎಂದು ಹೇಳಲು ನಾನು ಬರೆಯುತ್ತಿಲ್ಲ. ಪ್ರೀತಿ ಇರುವವರೇ ತರುವುದು. ತೊಂದರೆ ಪ್ರೀತಿಯದ್ದಲ್ಲ, ಲೆಕ್ಕದ್ದು.

ಮೊದಲು ಲೆಕ್ಕ

ನಾವೆಲ್ಲ ಇಂಜಿನಿಯರಿಂಗ್ ಓದುವವರು, ಲೆಕ್ಕ ನಮಗೆ ಹೊಸತಲ್ಲ. ಬಿ.ಟೆಕ್ ನಾಲ್ಕು ವರ್ಷ. ಮನೆಯೊಳಗೆ ಚೆನ್ನಾಗಿ ಬೆಳೆದ ಬೆಕ್ಕು 12ರಿಂದ 15 ವರ್ಷ ಬದುಕುತ್ತದೆ, ಕೆಲವು ಅದಕ್ಕಿಂತಲೂ ಜಾಸ್ತಿ. ನಾವು ಲವ್ ಬರ್ಡ್ಸ್ ಅಂತ ಕರೆಯುವ ಬಡ್ಜಿ 5ರಿಂದ 8 ವರ್ಷ. ತಲೆ ಮೇಲೆ ಜುಟ್ಟು ಇರುವ ಕಾಕಟೀಲ್ 15 ವರ್ಷ ಆರಾಮಾಗಿ ಬದುಕಬಹುದು. ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ತಂದ ಮರಿ, ನನಗೆ ಮೂವತ್ತು ದಾಟಿದಾಗಲೂ ಬೆಳಗ್ಗೆ ಆರಕ್ಕೆ ಅನ್ನ ಕೇಳುತ್ತದೆ. ಅಷ್ಟರೊಳಗೆ ನಾನು ಎರಡು ಇಂಟರ್ನ್‌ಶಿಪ್, ಒಂದು ಪ್ಲೇಸ್‌ಮೆಂಟ್, ಬೆಂಗಳೂರಿನ ಮೂರು ಪಿ.ಜಿ., ಪ್ರಾಣಿ ಬೇಡ ಎನ್ನುವ ನಾಲ್ಕು ಓನರ್‌ಗಳು, ಎಲ್ಲ ನೋಡಿ ಆಗಿರುತ್ತದೆ.

ಈ ಲೆಕ್ಕ ಯಾರಿಗೂ ಗೊತ್ತಿಲ್ಲ ಅಂತ ಅಲ್ಲ. ಮರಿ ಕೈಯಲ್ಲಿ ಇರುವಾಗ ಯಾರೂ ಭಾಗಾಕಾರ ಮಾಡುವುದಿಲ್ಲ, ಅಷ್ಟೇ.

ಎರಡನೇ ಲೆಕ್ಕ ರಜೆಯದ್ದು. ದೀಪಾವಳಿ, ಡಿಸೆಂಬರ್, ಮೇ-ಜೂನ್, ನಡುವೆ ಒಂದೆರಡು ಲಾಂಗ್ ವೀಕೆಂಡ್ ಎಲ್ಲ ಸೇರಿಸಿದರೆ ವರ್ಷದಲ್ಲಿ ಎರಡು ಮೂರು ತಿಂಗಳು ರೂಮಿಗೆ ಬೀಗ ಬೀಳುತ್ತದೆ. ಪ್ರಾಣಿಗೆ ಸೆಮೆಸ್ಟರ್ ಬ್ರೇಕ್ ಇಲ್ಲ.

ಗೆಳೆಯನೊಬ್ಬನ ಫ್ಲ್ಯಾಟಿಗೆ ನಾನು ಅಸೈನ್‌ಮೆಂಟ್ ಮಾಡಲು ಹೋಗುತ್ತಿರುತ್ತೇನೆ. ಆ ಬಿಲ್ಡಿಂಗಿನಲ್ಲಿ ಕಳೆದ ದೀಪಾವಳಿಗೆ ಆದದ್ದು ಇದು. ಮೇಲಿನ ಫ್ಲೋರಿನ ಹುಡುಗರು ಬಾಲ್ಕನಿಯಲ್ಲಿ ಎರಡು ಬಡ್ಜಿ ಬಿಟ್ಟು ಐದು ದಿನಕ್ಕೆ ಊರಿಗೆ ಹೋಗಿದ್ದರು. ಡಬ್ಬಿ ತುಂಬ ಕಾಳು ಹಾಕಿದ್ದರು, ನೀರೂ ಇಟ್ಟಿದ್ದರು. ಕೆಟ್ಟವರೇನಲ್ಲ. ನೀರಿನ ಬಟ್ಟಲು ಮಗುಚಿ ಬಿದ್ದಿತ್ತು. ಪಕ್ಕದ ಮನೆಯ ಆಂಟಿ ನನ್ನ ಹತ್ತಿರ ತುಳುವಿನಲ್ಲಿ ಹೇಳಿದರು: ‘ಎರಡು ದಿನ ಎರಡೂ ಕೂಗ್ತಾ ಇದ್ದವು. ಮೂರನೇ ದಿನ ಒಂದೇ ಕೂಗ್ತಾ ಇತ್ತು.’ ಆ ಹುಡುಗರ ಫೋನ್ ನಂಬರ್ ಅವರ ಹತ್ತಿರ ಇರಲಿಲ್ಲ. ಒಂದೂವರೆ ವರ್ಷದಿಂದ ಒಂದೇ ಬಿಲ್ಡಿಂಗಿನಲ್ಲಿ ಇದ್ದವರು, ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ಈ ಮಾತಿಗೆ ನಾನು ಕೊನೆಗೆ ಮತ್ತೆ ಬರುತ್ತೇನೆ.

ಅಂಗಳದ ಬೆಕ್ಕು, ಫ್ಲ್ಯಾಟಿನ ಬೆಕ್ಕು

‘ನಮ್ಮ ಮನೆಯಲ್ಲಿ ಯಾವಾಗಲೂ ಬೆಕ್ಕು ಇತ್ತು ಮಾರಾಯ, ಅದಕ್ಕೆಂತ ಸ್ಪೆಷಲ್ ಕೇರ್?’ ಅಂತ ಕೇಳುವವರು ನಮ್ಮ ಕಡೆಯವರೇ ಜಾಸ್ತಿ. ನ್ಯಾಯವಾದ ಪ್ರಶ್ನೆ. ಕಾಪುವಿನಲ್ಲಿ ನನ್ನ ಅಜ್ಜಿಮನೆಯಲ್ಲೂ ಬೆಕ್ಕು ಉಂಟು. ಅದಕ್ಕೆ ಹೆಸರು ಕೂಡ ಇಲ್ಲ, ‘ಪುಚ್ಚೆ’ ಅಷ್ಟೇ. ತುಳುವಿನಲ್ಲಿ ಬೆಕ್ಕಿಗೆ ಇರುವ ಹೆಸರೇ ಅದರ ಹೆಸರು. ಮಳೆಗಾಲದಲ್ಲಿ ಬಚ್ಚಲ ಒಲೆಯ ಬೂದಿಯಲ್ಲಿ ಮಲಗುತ್ತದೆ, ಬೇಸಿಗೆಯಲ್ಲಿ ಹಟ್ಟಿಯ ಅಟ್ಟದಲ್ಲಿ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನಕ್ಕೆ ಬೂತಾಯಿ ತಲೆ ಕಲಸಿ ಹಾಕುತ್ತಾರೆ. ಅದು ಗುಂಡಗೆ ಇದೆ. ಯಾರೂ ಅದಕ್ಕೆ ಪ್ಯಾಕೆಟ್ ಫುಡ್ ಹಾಕಿಲ್ಲ.

ಆದರೆ ಆ ಬೆಕ್ಕು ಬದುಕುವುದು ಅಜ್ಜಿ ಹಾಕುವ ಅನ್ನದ ಮೇಲಲ್ಲ. ಅಜ್ಜಿ ಹಾಕುವುದು ಸಂಬಳ ಇದ್ದ ಹಾಗೆ, ಮೇಲ್ಸಂಪಾದನೆ ಬೇರೆ ಉಂಟು: ಇಲಿ, ಹಲ್ಲಿ, ಅರಣೆ, ತೋಟದ ಸಣ್ಣ ಹಕ್ಕಿ. ಬೆಕ್ಕು ಪೂರ್ತಿ ಮಾಂಸಾಹಾರಿ. ನಾಯಿಗೆ ಅನ್ನ-ಮೊಸರಿನಲ್ಲಿ ಹೇಗಾದರೂ ಸುಧಾರಿಸಿಕೊಂಡು ಹೋಗಲು ಆಗುತ್ತದೆ, ಬೆಕ್ಕಿಗೆ ಆಗುವುದಿಲ್ಲ. ಕಾರಣ ಟೌರಿನ್ ಎನ್ನುವ ಒಂದು ರಾಸಾಯನಿಕ. ನಮ್ಮ ದೇಹ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹ ಬೇಕಾದಷ್ಟು ತಯಾರಿಸುವುದಿಲ್ಲ, ಮಾಂಸ ಮೀನಿನಿಂದಲೇ ಬರಬೇಕು. ಅಕ್ಕಿಯಲ್ಲಿ ಅದು ಇಲ್ಲ. ಬಹಳ ದಿನ ಟೌರಿನ್ ಸಿಗದೆ ಹೋದರೆ ಬೆಕ್ಕಿನ ಕಣ್ಣಿನ ಪರದೆ ಹಾಳಾಗುತ್ತದೆ, ಹೃದಯದ ಸ್ನಾಯು ಸಡಿಲವಾಗಿ ಹೃದಯ ಊದಿಕೊಳ್ಳುತ್ತದೆ. ಹೃದಯದ ಈ ಕಾಯಿಲೆಗೂ ಟೌರಿನ್‌ಗೂ ಸಂಬಂಧ ಇದೆ ಅಂತ ವಿಜ್ಞಾನಿಗಳು ತೋರಿಸಿದ್ದು 1987ರಲ್ಲಿ. ಆಮೇಲೆಯೇ ಬೆಕ್ಕಿನ ಪ್ಯಾಕೆಟ್ ಆಹಾರದಲ್ಲಿ ಟೌರಿನ್ ಪ್ರಮಾಣ ಹೆಚ್ಚಿಸಿದ್ದು.

ಅಂದರೆ ನಮ್ಮ ಹಿರಿಯರ ಪದ್ಧತಿ ತಪ್ಪಲ್ಲ. ಅದು ಅಂಗಳದ ಜೊತೆ ಸೇರಿಕೊಂಡ ಪದ್ಧತಿ. ಅದೇ ಅನ್ನ-ಮೊಸರನ್ನು ಆರನೇ ಮಾಳಿಗೆಯ ಬಾಗಿಲು ಹಾಕಿದ ಫ್ಲ್ಯಾಟಿನಲ್ಲಿ ಹಾಕಿದರೆ ಕೆಲಸ ಮಾಡುವುದಿಲ್ಲ, ಅಲ್ಲಿ ಇಲಿಯೂ ಇಲ್ಲ ಅರಣೆಯೂ ಇಲ್ಲ. ಬೆಕ್ಕು ಅಂಗಳದಿಂದ ಫ್ಲ್ಯಾಟಿಗೆ ಬಂದಿದೆ, ನಮ್ಮ ತಿಳಿವಳಿಕೆ ಮಾತ್ರ ಇನ್ನೂ ಅಂಗಳದಲ್ಲೇ ನಿಂತಿದೆ.

ನಮ್ಮ ಕರಾವಳಿಗೇ ಸೇರಿದ ಇನ್ನೊಂದು ವಿಷಯ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆ ನಿಷೇಧ. ಮಲ್ಪೆ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ನಾಡದೋಣಿಯ ಮೀನು ಬಂದರೂ ರೇಟು ಕೇಳಿದರೆ ಮನುಷ್ಯರಿಗೇ ತಲೆ ತಿರುಗುತ್ತದೆ. ಆಗ ಮೀನಿನ ಮೇಲೆ ನಂಬಿಕೆ ಇಟ್ಟ ಬೆಕ್ಕಿಗೆ ಏನು ಸಿಗುತ್ತದೆ? ಬರೀ ಗಂಜಿ, ಇಲ್ಲವಾದರೆ ಉಪ್ಪು ತುಂಬಿದ ಒಣಮೀನು. ಎರಡೂ ಒಳ್ಳೆಯದಲ್ಲ. ಆ ಎರಡು ತಿಂಗಳು ಉಪ್ಪು, ಮಸಾಲೆ ಇಲ್ಲದೆ ಬೇಯಿಸಿದ ಕೋಳಿ, ಕೋಳಿಯ ಹೃದಯ, ಸ್ವಲ್ಪ ಲಿವರ್, ಮೊಟ್ಟೆ ಕೊಡಬಹುದು, ಬಜೆಟ್ ಇದ್ದರೆ ಬೆಕ್ಕಿಗೆಂದೇ ಇರುವ ಪ್ಯಾಕೆಟ್ ಆಹಾರ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಮಾತ್ರ ಬೇಡ, ಅವು ಬೆಕ್ಕಿನ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ನಿನ್ನೆಯ ಕೋಳಿ ಸಾರು ಬೆಕ್ಕಿಗೆ ಉಪಚಾರ ಅಲ್ಲ.

ಹಾಲಿನ ಬಗ್ಗೆಯೂ ಒಂದು ಮಾತು. ತೆನಾಲಿ ರಾಮನ ಬೆಕ್ಕು ಹಾಲು ಕಂಡರೆ ಓಡಿಹೋಗುತ್ತಿತ್ತು ಅಂತ ನಾವೆಲ್ಲ ಸಣ್ಣವರಿರುವಾಗ ನಗಾಡಿದ್ದೇವೆ. ನಿಜ ಹೇಳಬೇಕೆಂದರೆ ಆ ಬೆಕ್ಕಿಗೆ ಅದರಿಂದ ಲಾಭವೇ ಆಯಿತು. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಲ್ಯಾಕ್ಟೋಸ್ ಜೀರ್ಣ ಆಗುವುದಿಲ್ಲ, ಹೊಟ್ಟೆ ಕೆಡುತ್ತದೆ. ಬೆಕ್ಕಿಗೆ ಬೇಕಾದದ್ದು ನೀರು.

ಡೋಲೋ ಕೊಡಬೇಡಿ

ಇಡೀ ಲೇಖನದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನು ನೆನಪಿಡಿ: ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ.

ನಮ್ಮ ರೂಮುಗಳಲ್ಲಿ ಎಲ್ಲ ರೋಗಕ್ಕೂ ಡೋಲೋ 650. ಜ್ವರಕ್ಕೆ ಡೋಲೋ, ತಲೆನೋವಿಗೆ ಡೋಲೋ, ಇಂಟರ್ನಲ್ಸ್‌ನ ಹಿಂದಿನ ದಿನ ಸುಮ್ಮನೆ ಒಂದು ಡೋಲೋ. ಹಾಗಾಗಿ ಬೆಕ್ಕು ಮೈ ಬಿಸಿ ಮಾಡಿಕೊಂಡು ಮೂಲೆಯಲ್ಲಿ ಕೂತರೆ ಕೈ ಸೀದಾ ಆ ಸ್ಟ್ರಿಪ್‌ಗೆ ಹೋಗುತ್ತದೆ. ‘ಅರ್ಧ ಕೊಡುವ, ಸಣ್ಣದಲ್ವಾ’ ಅನ್ನಿಸುತ್ತದೆ. ನಮ್ಮ ಲಿವರ್ ಆ ಮದ್ದನ್ನು ಒಂದು ಕಿಣ್ವದ ಸಹಾಯದಿಂದ ಬೇರೆ ರೂಪಕ್ಕೆ ತಂದು ಹೊರಗೆ ಹಾಕುತ್ತದೆ. ಬೆಕ್ಕಿನಲ್ಲಿ ಆ ಕಿಣ್ವ ತೀರಾ ಕಡಿಮೆ. ಮದ್ದು ದೇಹದಲ್ಲೇ ಉಳಿದು ವಿಷವಾಗುತ್ತದೆ, ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ವಸಡು ಕಂದು ಅಥವಾ ನೀಲಿ ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ಒಂದು ಮಾತ್ರೆ ಒಂದು ಬೆಕ್ಕನ್ನು ಕೊಲ್ಲಲು ಸಾಕು. ನಾಯಿಯ ಉಣ್ಣೆಗೆ ಹಚ್ಚುವ ಪರ್ಮೆಥ್ರಿನ್ ಮದ್ದು ಕೂಡ ಬೆಕ್ಕಿಗೆ ಹಾಗೆಯೇ ಅಪಾಯ. ಗೂಗಲ್ ಮಾಡಿ ಮನುಷ್ಯರ ಮದ್ದು ಕೊಡುವುದಕ್ಕಿಂತ ಏನೂ ಕೊಡದೆ ಡಾಕ್ಟರ ಹತ್ತಿರ ಹೋಗುವುದು ಮೇಲು.

ಬಾಲ್ಕನಿ ಇನ್ನೊಂದು. ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತದೆ, ಏನೂ ಆಗುವುದಿಲ್ಲ ಅಂತ ನಮ್ಮಲ್ಲಿ ಒಂದು ಥಿಯರಿ ಓಡಾಡುತ್ತದೆ. ಇದರ ಹಿಂದೆ 1987ರಲ್ಲಿ ನ್ಯೂಯಾರ್ಕಿನಿಂದ ಬಂದ ಒಂದು ಅಧ್ಯಯನ ಉಂಟು. ಎತ್ತರದ ಕಟ್ಟಡಗಳಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳನ್ನು ನೋಡಿದರು, ಚಿಕಿತ್ಸೆ ಪಡೆದವುಗಳಲ್ಲಿ 90 ಶೇಕಡಾ ಬದುಕಿದವು. ಸರಿ. ಆದರೆ ಬಿದ್ದ ಜಾಗದಲ್ಲೇ ಸತ್ತ ಬೆಕ್ಕನ್ನು ಯಾರು ಆಸ್ಪತ್ರೆಗೆ ತರುತ್ತಾರೆ? ಸ್ಟಾಟಿಸ್ಟಿಕ್ಸ್ ಪೇಪರ್ ಪಾಸಾದವರಿಗೆ ಈ ತಪ್ಪು ಕಾಣಬೇಕು. ಬದುಕಿದವುಗಳಿಗೂ ಎದೆಗೆ ಪೆಟ್ಟು, ದವಡೆ ಮುರಿತ ಎಲ್ಲ ಆಗಿತ್ತು. ಬಾಲ್ಕನಿಗೆ ಒಂದು ನೆಟ್ ಹಾಕಿಸಿ ಮುಗಿಸಿ.

ಲವ್ ಬರ್ಡ್ಸ್‌ಗೆ ಏನು ಬೇಕು

ನಾವು ಲವ್ ಬರ್ಡ್ಸ್ ಅನ್ನುವ ಹಕ್ಕಿಯ ಊರು ಆಸ್ಟ್ರೇಲಿಯಾದ ಒಣ ಒಳನಾಡು. ಅಲ್ಲಿ ನೂರಾರು ಸಾವಿರಾರು ಹಕ್ಕಿಗಳ ಗುಂಪಿನಲ್ಲಿ ನೀರು, ಹುಲ್ಲಿನ ಬೀಜ ಹುಡುಕುತ್ತ ಮೈಲುಗಟ್ಟಲೆ ಹಾರುತ್ತವೆ. ಅದನ್ನು 1840ರಲ್ಲಿ ಜಾನ್ ಗೌಲ್ಡ್ ಎನ್ನುವ ಪಕ್ಷಿತಜ್ಞ ಜೀವಂತವಾಗಿ ಇಂಗ್ಲೆಂಡಿಗೆ ತಂದ. ಅಲ್ಲಿಂದ ಪಂಜರಗಳಿಗೆ, ಕೊನೆಗೆ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುವ ನಮ್ಮ ಉಡುಪಿ ಜಿಲ್ಲೆಗೆ. ಮರುಭೂಮಿಯಂಥ ಜಾಗದ ಹಕ್ಕಿ ಕಾರ್ಕಳದ ಜುಲೈ ತಿಂಗಳಲ್ಲಿ! ನಮ್ಮ ಬಟ್ಟೆಯೇ ವಾರವಾದರೂ ಒಣಗುವುದಿಲ್ಲ, ಬೆಲ್ಟು ಚಪ್ಪಲಿಗೆಲ್ಲ ಬೂಸು ಬರುತ್ತದೆ. ಹಕ್ಕಿಯ ಕಾಳಿಗೂ ಬರುತ್ತದೆ. ಬೂಸು ಹಿಡಿದ ನವಣೆ ತಿಂದರೆ, ಅದರ ಧೂಳು ಉಸಿರಾಡಿದರೆ ಹಕ್ಕಿಯ ಶ್ವಾಸಕೋಶಕ್ಕೆ ಶಿಲೀಂಧ್ರದ ಸೋಂಕು ಆಗಬಹುದು. ಹಾಗಾಗಿ ಮಳೆಗಾಲದಲ್ಲಿ ಕಾಳನ್ನು ಗಾಳಿಯಾಡದ ಡಬ್ಬಿಯಲ್ಲಿ, ಸ್ವಲ್ಪ ಸ್ವಲ್ಪವೇ ತಂದು ಇಡಬೇಕು. ಇರಿಚಲು ಹೊಡೆಯುವ ಬಾಲ್ಕನಿಯಿಂದ ಪಂಜರ ಒಳಗೆ ಬರಬೇಕು.

ಬರೀ ನವಣೆಯೂ ಸಾಲದು. ಕಾಳು ಮಾತ್ರ ತಿಂದ ಹಕ್ಕಿಗೆ ಎ ವಿಟಮಿನ್ ಕೊರತೆಯಾಗುತ್ತದೆ, ಮೈಯಲ್ಲಿ ಕೊಬ್ಬು ತುಂಬುತ್ತದೆ. ಕೊತ್ತಂಬರಿ ಸೊಪ್ಪು, ನುಗ್ಗೆ ಸೊಪ್ಪು, ಹರಿವೆ ಸೊಪ್ಪು, ತುರಿದ ಕ್ಯಾರೆಟ್ ತೊಳೆದು ಕೊಡಬಹುದು. ಬೆಣ್ಣೆಹಣ್ಣು ಮಾತ್ರ ಹತ್ತಿರ ಕೂಡ ತರಬೇಡಿ. ನಾವು ಜ್ಯೂಸ್ ಅಂಗಡಿಯಲ್ಲಿ ಕುಡಿಯುವ ಅದೇ ಹಣ್ಣು ಹಕ್ಕಿಗಳಿಗೆ ವಿಷ.

ಇನ್ನು ಉಸಿರು. ಹಕ್ಕಿಯ ಶ್ವಾಸಕೋಶ ನಮ್ಮದರ ಹಾಗೆ ಬಲೂನ್ ಅಲ್ಲ. ಗಾಳಿಚೀಲಗಳು ಪಂಪಿನಂತೆ ಕೆಲಸ ಮಾಡಿ ಗಾಳಿ ಶ್ವಾಸಕೋಶದೊಳಗೆ ಒಂದೇ ದಿಕ್ಕಿಗೆ ಹರಿಯುತ್ತದೆ. ಆಮ್ಲಜನಕ ತೆಗೆಯುವುದರಲ್ಲಿ ನಮಗಿಂತ ಎಷ್ಟೋ ಮುಂದೆ. ಅದೇ ಕಾರಣಕ್ಕೆ ವಿಷದ ಗಾಳಿ ತೆಗೆದುಕೊಳ್ಳುವುದರಲ್ಲೂ ಮುಂದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಪತ್ತೆಗೆ ಕ್ಯಾನರಿ ಹಕ್ಕಿಗಳನ್ನು ಇಟ್ಟುಕೊಳ್ಳುತ್ತಿದ್ದದ್ದು ಇದಕ್ಕೇ. 1986ರಲ್ಲಿ ಅವುಗಳ ಬದಲು ಎಲೆಕ್ಟ್ರಾನಿಕ್ ಸೆನ್ಸರ್ ತರಲು ತೀರ್ಮಾನ ಆಯಿತು. ನಮ್ಮ ರೂಮುಗಳಲ್ಲಿ ಹಕ್ಕಿ ಈಗಲೂ ಸೆನ್ಸರ್ ಕೆಲಸ ಮಾಡುತ್ತಿದೆ, ಪಾಪ. ದೋಸೆಗೆಂದು ನಾನ್‌ಸ್ಟಿಕ್ ಕಾವಲಿಯನ್ನು ಜೋರು ಉರಿಯಲ್ಲಿ ಇಟ್ಟು ಯಾರೋ ಫೋನಿನಲ್ಲಿ ಮಾತಾಡುತ್ತ ನಿಂತರೆ, ಕಾದ ಲೇಪನದಿಂದ ಬರುವ ಹೊಗೆ ಪಕ್ಕದ ಕೋಣೆಯ ಹಕ್ಕಿಯನ್ನು ಕೆಲವೇ ನಿಮಿಷದಲ್ಲಿ ಸಾಯಿಸಬಹುದು. ನಮಗೆ ವಾಸನೆಯೂ ಬಂದಿರುವುದಿಲ್ಲ. ಹಕ್ಕಿ ಇರುವ ಮನೆಗೆ ಅಜ್ಜಿಯ ಕಬ್ಬಿಣದ ಕಾವಲಿಯೇ ಸರಿ. ಸೊಳ್ಳೆಬತ್ತಿ, ಅಗರಬತ್ತಿ, ಡಿಯೋ ಸ್ಪ್ರೇ, ಸಿಗರೇಟು ಯಾವುದೂ ಅದರ ಕೋಣೆಯಲ್ಲಿ ಬೇಡ.

ಹಕ್ಕಿ ಕಾಯಿಲೆಯನ್ನು ಅಡಗಿಸುತ್ತದೆ. ಕಾಡಿನಲ್ಲಿ ಸೋತಂತೆ ಕಂಡ ಹಕ್ಕಿಯನ್ನೇ ಗಿಡುಗ ಹಿಡಿಯುವುದು, ಆದ್ದರಿಂದ ಕೊನೆಯವರೆಗೂ ಸರಿ ಇದ್ದ ಹಾಗೆ ನಟಿಸುತ್ತದೆ. ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿದೆ ಅಂದರೆ ಆಗಲೇ ತಡವಾಗಿದೆ. ಇದಕ್ಕೆ ಉಪಾಯ ಸುಲಭ: ಅಡುಗೆಮನೆಯ ಡಿಜಿಟಲ್ ತಕ್ಕಡಿ. ಬಡ್ಜಿ ಸಾಮಾನ್ಯವಾಗಿ 30ರಿಂದ 40 ಗ್ರಾಂ ಇರುತ್ತದೆ. ವಾರಕ್ಕೊಮ್ಮೆ ತೂಗಿ ಎಕ್ಸೆಲ್ ಶೀಟಿನಲ್ಲಿ ಬರೆದಿಡಿ. ಮೂರು ನಾಲ್ಕು ಗ್ರಾಂ ಇಳಿದರೂ ಅದು ಹತ್ತನೇ ಒಂದು ಭಾಗ, ಡಾಕ್ಟರಿಗೆ ತೋರಿಸಲೇಬೇಕು. ಲ್ಯಾಬ್ ರೆಕಾರ್ಡ್ ಬರೆಯುವವರಿಗೆ ಇದೇನು ಕಷ್ಟ?

ಗಿಳಿ ಬೇಡವೇ ಬೇಡ

ಮೇಲೆ ಹೇಳಿದ್ದು ವಿದೇಶಿ ಹಕ್ಕಿಗಳ ಮಾತು. ನಮ್ಮ ತೆಂಗಿನ ಮರದ ಪೊಟರೆಯಲ್ಲಿ ಗೂಡು ಮಾಡುವ ಹಸಿರು ಗಿಳಿ, ಗದ್ದೆಯ ರಾಟವಾಳ, ಮೈನಾ ಇವನ್ನು ಸಾಕುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ದಂಡ ಮಾತ್ರ ಅಲ್ಲ, ಜೈಲು ಕೂಡ ಉಂಟು. ‘ನಮ್ಮ ಅಜ್ಜನ ಕಾಲದಲ್ಲಿ ಎಲ್ಲರ ಮನೆಯಲ್ಲೂ ಗಿಳಿ ಇತ್ತಲ್ಲ’ ಅಂದರೆ, ಹೌದು, ಇತ್ತು. ಗೂಡಿನಿಂದ ಮರಿ ಕದ್ದು ತರುವಾಗ, ಸಾಗಿಸುವಾಗ ದಾರಿಯಲ್ಲಿ ಸತ್ತ ಮರಿಗಳನ್ನು ಅಜ್ಜ ನೋಡಿರಲಿಲ್ಲ.

ಅಂಗಡಿಗಳಿಗೂ ಕಾನೂನು ಉಂಟು. 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ ಪ್ರತಿ ಅಂಗಡಿ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ಹಕ್ಕಿಯ ರೇಟು ಕೇಳುವ ಮೊದಲು ನೋಂದಣಿ ಪತ್ರ ಕೇಳಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಲುಗಾಡಲು ಜಾಗ ಇಲ್ಲದ ಪಂಜರದಲ್ಲಿ ಇಡುವುದು, ಹಸಿವು ಬಾಯಾರಿಕೆಯಲ್ಲಿ ನರಳುವಂತೆ ಬಿಟ್ಟು ಹೋಗುವುದು ಎರಡೂ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? 10ರಿಂದ 50 ರೂಪಾಯಿ. ಗೋಳಿಬಜೆ, ಚಹಾಕ್ಕೆ ಆಗುವಷ್ಟು. ಆದ್ದರಿಂದ ಕಾನೂನಿನ ಹೆದರಿಕೆಯಿಂದ ಯಾರೂ ಸರಿಯಾಗುವುದಿಲ್ಲ, ನಾವೇ ಸರಿಯಾಗಬೇಕು.

‘ನನಗೆ ಯಾರೂ ಇಲ್ಲ, ಬೆಕ್ಕು ಮಾತ್ರ’

ನನ್ನ ವಾದಕ್ಕೆ ಬರುವ ಗಟ್ಟಿಯಾದ ಉತ್ತರ ಇದು. ಹದಿನೆಂಟನೇ ವಯಸ್ಸಿಗೆ ಎರಡು ಸಾವಿರ ಕಿಲೋಮೀಟರ್ ದೂರದಿಂದ ಬಂದು, ಮಳೆ ನಿಲ್ಲದ ಊರಿನಲ್ಲಿ, ಬ್ಯಾಕ್‌ಲಾಗ್ ಇಟ್ಟುಕೊಂಡು ಒಬ್ಬರೇ ಇರುವುದು ಸಣ್ಣ ವಿಷಯ ಅಲ್ಲ. ಬೆಕ್ಕು ಮಡಿಲಲ್ಲಿ ಮಲಗಿದರೆ ಸಮಾಧಾನ ಆಗುತ್ತದೆ, ಅದನ್ನು ನಾನು ತಮಾಷೆ ಮಾಡುವುದಿಲ್ಲ. ದಿನಾ ಸಂಜೆ ಕಾರ್ಕಳದ ಬಸ್ಸು ಹತ್ತಿ ಅಮ್ಮನ ಕೈಯ ಊಟ ಮಾಡುವ ನಾನು ಅವರಿಗೆ ಬುದ್ಧಿ ಹೇಳುವುದು ಸುಲಭ ಅಂತಲೂ ಗೊತ್ತು.

ಇನ್ನೂ ಒಂದು ಉತ್ತರ ಉಂಟು: ‘ನಾನು ದುಡ್ಡು ಕೊಟ್ಟು ತಂದದ್ದಲ್ಲ. ಹೈವೇ ಬದಿಯಲ್ಲಿ ಸಿಕ್ಕಿತು, ಬಿಟ್ಟಿದ್ದರೆ ಸಾಯುತ್ತಿತ್ತು.’ ಇದು ಪೂರ್ತಿ ನಿಜ. ಮತ್ತೆ ಆ ಮರಿಯನ್ನು ಹೈವೇ ಬದಿಗೆ ತಂದುಹಾಕಿದ್ದು ಯಾರು? ಹೊರಗಿನ ವಿದ್ಯಾರ್ಥಿಗಳಲ್ಲ, ನಮ್ಮ ಊರಿನವರೇ. ಹೆಣ್ಣು ಮರಿ ಹುಟ್ಟಿದರೆ ಗೋಣಿಯಲ್ಲಿ ಹಾಕಿ ಮೀನು ಮಾರ್ಕೆಟ್ ಹತ್ತಿರವೋ ಹೊಳೆಯ ಆಚೆ ಬದಿಯೋ ಬಿಟ್ಟು ಬರುವುದು ನಮ್ಮಲ್ಲಿ ಎಷ್ಟು ಸಹಜ ಅಂದರೆ ಅದಕ್ಕೆ ಯಾರೂ ಧ್ವನಿ ತಗ್ಗಿಸುವುದೂ ಇಲ್ಲ. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಗರ್ಭ ಧರಿಸಬಹುದು. ಸುಮಾರು 65 ದಿನಕ್ಕೆ ಮರಿ ಹಾಕುತ್ತದೆ. ವರ್ಷಕ್ಕೆ ಎರಡು ಸಲ, ಸಲಕ್ಕೆ ನಾಲ್ಕು ಅಂತ ಇಟ್ಟರೂ ಎಂಟು ಮರಿ. ಒಂದು ಆಪರೇಶನ್ ಮಾಡಿಸಿದರೆ ಪ್ರತಿವರ್ಷ ಗೋಣಿ ಹುಡುಕುವ ಕೆಲಸ ಇಲ್ಲ. ಆದ್ದರಿಂದ ಹೊರಗಿನವರಿಗೆ ಒಂದು ಬೆರಳು ತೋರಿಸುವಾಗ ಉಳಿದ ಬೆರಳುಗಳು ಕಾಪು, ಕಾರ್ಕಳದ ಕಡೆಗೇ ತಿರುಗಿವೆ.

ಸಿಕ್ಕಿದ ಮರಿಯನ್ನು ಎತ್ತಿಕೊಂಡು ಬರುವುದಕ್ಕೂ ಅಂಗಡಿಯಿಂದ ತರುವುದಕ್ಕೂ ವ್ಯತ್ಯಾಸ ಉಂಟು. ಎತ್ತಿಕೊಂಡು ಬನ್ನಿ. ಆದರೆ ‘ನನ್ನ ಬೆಕ್ಕು’ ಅಂತ ಅಲ್ಲ, ‘ಮನೆ ಸಿಗುವವರೆಗೆ ನನ್ನ ಹತ್ತಿರ ಇರುವ ಬೆಕ್ಕು’ ಅಂತ. ಮೊದಲ ದಿನದಿಂದಲೇ ಮನೆ ಹುಡುಕಲು ಶುರುಮಾಡಿ, ಟ್ರೈನಿನ ಹಿಂದಿನ ದಿನದಿಂದ ಅಲ್ಲ. ಎರಡು ತಿಂಗಳ ಮರಿಯನ್ನು ಹತ್ತು ಜನ ಕೇಳುತ್ತಾರೆ, ಎರಡು ವರ್ಷದ ಬೆಕ್ಕನ್ನು ಯಾರೂ ಕೇಳುವುದಿಲ್ಲ.

ನಾವು ಏನು ಮಾಡಬಹುದು

ನಮ್ಮ ಕನ್ನಡ ಸಂಘದಲ್ಲಿ ಇರುವವರು ಹೆಚ್ಚಿನವರು ಈ ಜಿಲ್ಲೆಯವರು ಅಥವಾ ಪಕ್ಕದ ಜಿಲ್ಲೆಯವರು. ನವೆಂಬರಿನಲ್ಲಿ ರಾಜ್ಯೋತ್ಸವ ಮಾಡುತ್ತೇವೆ, ಹೊರಗಿನವರಿಗೆ ‘ಕನ್ನಡ ಕಲಿಯಿರಿ’ ಅಂತ ಪೋಸ್ಟರ್ ಅಂಟಿಸುತ್ತೇವೆ. ಒಳ್ಳೆಯದೇ. ಆದರೆ ಆ ಬಾಲ್ಕನಿಯ ಹಕ್ಕಿ ಸತ್ತದ್ದು ನೀರಿಲ್ಲದೆ ಎಷ್ಟೋ, ಪಕ್ಕದ ಮನೆಯ ಆಂಟಿಗೂ ಆ ಹುಡುಗರಿಗೂ ಮಾತಿಲ್ಲದೆ ಅಷ್ಟೇ. ನಮ್ಮ ಭಾಷೆ ಉಪಯೋಗಕ್ಕೆ ಬರಬೇಕಾದ ಜಾಗ ಅದು. ಹಾಗಾಗಿ ಸಂಘದ ಮುಂದೆ ನನ್ನ ನಾಲ್ಕು ಸಲಹೆ.

ಒಂದು, ರಜೆಯ ಪಟ್ಟಿ. ಪ್ರತಿ ರಜೆಗೆ ಎರಡು ವಾರ ಮೊದಲು ಒಂದು ಫಾರ್ಮ್. ಯಾರ ಹತ್ತಿರ ಯಾವ ಪ್ರಾಣಿ ಉಂಟು, ಎಷ್ಟು ದಿನ ಊರಲ್ಲಿ ಇರುವುದಿಲ್ಲ; ಇನ್ನೊಂದು ಕಡೆ, ನಮ್ಮಲ್ಲಿ ಯಾರ ಮನೆಯಲ್ಲಿ ಜಾಗ ಉಂಟು. ಆಹಾರದ ಖರ್ಚು ಪ್ರಾಣಿಯ ಯಜಮಾನರದ್ದು. ಮನೆಯಲ್ಲಿ ಬೆಕ್ಕು ಇರುವವರು ಹಕ್ಕಿ ತೆಗೆದುಕೊಳ್ಳುವುದು ಬೇಡ, ಯಾಕೆ ಅಂತ ಹೇಳಬೇಕಾಗಿಲ್ಲ.

ಎರಡು, ಡಾಕ್ಟರ ಹತ್ತಿರ ಜೊತೆಗೆ ಹೋಗುವುದು. ನಮ್ಮ ತಾಲೂಕುಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಅಲ್ಲಿ ಮುಖ್ಯ ಕೆಲಸ ದನ, ಎಮ್ಮೆ, ಆಡಿನದ್ದು. ಆದರೂ ಬೆಕ್ಕು ನಾಯಿ ನೋಡುತ್ತಾರೆ. 1962 ನಂಬರಿಗೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ವ್ಯವಸ್ಥೆಯೂ ಉಂಟು, ಅದೂ ಮುಖ್ಯವಾಗಿ ಹೈನುಗಾರರಿಗೆ. ಸಣ್ಣ ಹಕ್ಕಿಗಳನ್ನು ಚೆನ್ನಾಗಿ ತಿಳಿದ ಡಾಕ್ಟರ್ ಸಿಗುವುದು ಕಷ್ಟ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಉಂಟು, ಆದರೆ ರಾತ್ರಿ ಹನ್ನೊಂದಕ್ಕೆ 35 ಗ್ರಾಂ ತೂಕದ ಹಕ್ಕಿ ಹಿಡಿದುಕೊಂಡು ಆಗುಂಬೆ ಘಾಟಿ ಹತ್ತುವವರು ಯಾರು? ಹಕ್ಕಿ ತರುವ ಮೊದಲೇ ಡಾಕ್ಟರನ್ನು ಹುಡುಕಿ ಇಡಬೇಕು. ಡಾಕ್ಟರು ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹೇಳಲು ನಮ್ಮಲ್ಲಿ ಒಬ್ಬರು ಜೊತೆಗೆ ಇದ್ದರೆ ಅರ್ಧ ಕೆಲಸ ಆದಂತೆ.

ಮೂರು, ಲಸಿಕೆ. ರೇಬೀಸ್ ನಾಯಿಯಿಂದ ಮಾತ್ರ ಬರುವುದಲ್ಲ, ಬೆಕ್ಕಿನಿಂದಲೂ ಬರುತ್ತದೆ. ಮರಿಗೆ ಮೂರು ತಿಂಗಳಿಗೆ ಮೊದಲ ಲಸಿಕೆ, ಆಮೇಲೆ ಡಾಕ್ಟರ್ ಹೇಳಿದಂತೆ ಪ್ರತಿವರ್ಷ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ; ಆ ವಾರ ಪಶುಪಾಲನಾ ಇಲಾಖೆಯವರನ್ನು ಕ್ಯಾಂಪಸ್ಸಿಗೆ ಕರೆದು ಒಂದು ಲಸಿಕೆ ಶಿಬಿರ ಮಾಡಿಸಬಹುದು. ಗೊತ್ತಿಲ್ಲದ ಬೆಕ್ಕು ಕಚ್ಚಿದರೆ, ಪರಚಿದರೆ ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ ಹಚ್ಚಿ ಕೂರಬೇಡಿ.

ನಾಲ್ಕು, ಕ್ಯಾಂಪಸ್ಸಿನ ಬೆಕ್ಕುಗಳು. ಮೆಸ್ ಹಿಂದೆ, ಪಾರ್ಕಿಂಗ್‌ನಲ್ಲಿ, ಲೈಬ್ರರಿ ಮೆಟ್ಟಿಲ ಹತ್ತಿರ ಈಗಾಗಲೇ ಬೆಕ್ಕುಗಳಿವೆ. ಅವಕ್ಕೆ ರಜೆಯಲ್ಲೂ ಊರು ಇದೇ. ಒಂಟಿತನ ಕಳೆಯಲು ಬೆಕ್ಕು ಬೇಕು ಎನ್ನುವವರಿಗೆ ಇಲ್ಲಿ ಕೆಲಸವೂ ಉಂಟು, ಬೆಕ್ಕೂ ಉಂಟು. ಹತ್ತು ಜನ ಸೇರಿ ಸರದಿಯಲ್ಲಿ ಊಟ ಹಾಕಿ, ಚಂದಾ ಎತ್ತಿ ಒಂದೊಂದಾಗಿ ಆಪರೇಶನ್, ಲಸಿಕೆ ಮಾಡಿಸಿದರೆ ನಾಲ್ಕು ವರ್ಷದಲ್ಲಿ ಹೊರಟುಹೋಗುವ ನಾವು ಹದಿನೈದು ವರ್ಷ ಬದುಕುವ ಬೆಕ್ಕನ್ನು ನ್ಯಾಯವಾಗಿ ಸಾಕಬಹುದು. ಒಂದು ಬ್ಯಾಚ್ ಹೋದರೆ ಇನ್ನೊಂದು ಬ್ಯಾಚ್ ಬರುತ್ತದೆ. ಒಬ್ಬ ವಿದ್ಯಾರ್ಥಿ ಕೊಡಲಾಗದ ಹದಿನೈದು ವರ್ಷವನ್ನು ಒಂದು ಕಾಲೇಜು ಕೊಡಬಹುದು.

ನಾನು ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ, ‘ಪೆಟ್’ ಎಂಬ ಪದಕ್ಕೆ ಕನ್ನಡದಲ್ಲಿ ಏನು ಅಂತ ಈ ಲೇಖನಕ್ಕಾಗಿ ಯೋಚಿಸಬೇಕಾಯಿತು. ‘ಸಾಕುಪ್ರಾಣಿ’. ಇಂಗ್ಲಿಷಿನ ಆ ಪದದಲ್ಲಿ ಮುದ್ದು ಮಾಡುವುದು ಮಾತ್ರ ಉಂಟು, ನಮ್ಮ ಪದದಲ್ಲಿ ಕೆಲಸ ಉಂಟು. ಮಕ್ಕಳನ್ನು ಸಾಕುತ್ತಾರೆ, ದನ ಸಾಕುತ್ತಾರೆ, ವಯಸ್ಸಾದ ಅಪ್ಪ ಅಮ್ಮನನ್ನೂ ಸಾಕುತ್ತಾರೆ. ಈ ಯಾವುದನ್ನೂ ಸೆಮೆಸ್ಟರ್ ಲೆಕ್ಕದಲ್ಲಿ ಮಾಡಲು ಆಗುವುದಿಲ್ಲ.

ಡಿಸೆಂಬರ್ ರಜೆಯ ಫಾರ್ಮ್ ನಾನು ಮಾಡಿಕೊಡುತ್ತೇನೆ. ಕಾರ್ಕಳದ ನಮ್ಮ ಮನೆಯಲ್ಲಿ ಎರಡು ಪಂಜರಕ್ಕೆ ಜಾಗ ಉಂಟು, ಅಮ್ಮನ ಹತ್ತಿರ ಕೇಳಿ ಆಗಿದೆ. ಕಾಪು, ಉಡುಪಿ ಕಡೆಯವರು ನಿಮ್ಮ ಹೆಸರು ಸೇರಿಸಿ.